ಚಿಕ್ಕಪ್ಪನ ವ್ಯಾನಿಗೆ ಸಾಕಪ್ಸರ್ ಹಾಕಿದ್ದು

ನಮ್ಮ ಚಿಕ್ಕಪ್ಪ ನೂರಾರು ನೆಂಟರ ಊರಿಗೆ ಹೋಗಿದ್ದಾರೆ, ಆದರೆ ಒಬ್ಬರ ಮನೆಯಲ್ಲೂ ಮಲಗಿಲ್ಲ ಎಂದರೆ ನಂಬುತ್ತೀರಾ? ನಂಬಲೇಬೇಕು. ಅವರು ಮಲಗುತ್ತಿದ್ದುದು ಆ ನೆಂಟರ ಬೀದಿಯಲ್ಲಿ, ಸ್ವಂತ ವ್ಯಾನಿನೊಳಗೆ!

ಕಾರಣ ತಿಗಣೆ. ಚಿಕ್ಕಪ್ಪ ಮಂಡ್ಯದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಹಾವಿಗೆ ಹೆದರದವರು, ಹೆಡ್‌ಮಾಸ್ಟರಿಗೂ ಹೆದರದವರು, ತಿಗಣೆ ಎಂದರೆ ಮಾತ್ರ ಕುರ್ಚಿ ಬಿಟ್ಟು ಏಳುತ್ತಿದ್ದರು. ಎಪ್ಪತ್ತರ ದಶಕದ ಆ ದಿನಗಳಲ್ಲಿ, ಟೂರಿಂಗ್ ಟಾಕೀಸಿನವರೊಬ್ಬರು ಬೇಡವೆಂದು ಬಿಟ್ಟ ಹಳೇ ವ್ಯಾನನ್ನು ತಂದು, ಅದರೊಳಗೆ ಮಂಚ, ಸೀಮೆಎಣ್ಣೆ ಸ್ಟವ್ವು, ನೀರಿನ ಡ್ರಮ್ಮು, ಬಟ್ಟೆ ನೇತುಹಾಕುವ ಗೂಟ ಎಲ್ಲ ಜೋಡಿಸಿ, ಮನೆಯನ್ನೇ ಗಾಲಿಯ ಮೇಲೆ ಕೂರಿಸಿಬಿಟ್ಟರು. ಗೆಜ್ಜಲಗೆರೆಯ ಮದುವೆಯೊಂದರಲ್ಲಿ ಹೆಣ್ಣಿನ ತಂದೆ, ಇವರ ಬಾಲ್ಯದ ಗೆಳೆಯ, ಬಂದು ವ್ಯಾನಿನ ಬಾಗಿಲು ಬಡಿದರು.

“ನಮ್ಮನೇಲಿ ಮುಳ್ಳಾಸಿದ್ದೀವೇನ್ಲಾ? ಒಳಿಕ್ ಬಂದು ಮನೀಕೊಳ್ಳಕ್ಕೇನ್ಲಾ ನಿಂಗೆ?”

“ಮುಳ್ಳಾಗಿದ್ರೆ ಮನೀಕತಿದ್ದೆ ಕಣ್ಲಾ. ಮುಳ್ಳು ಎದ್ದು ಓಡಾಡಕಿಲ್ಲ!”

ಈ ಮನೆಗಿದ್ದದ್ದು ಒಂದೇ ದೋಷ, ಕುಣಿತ! ಕಬ್ಬಿನ ಗಾಡಿಗಳು ಕೊರೆದ ರಸ್ತೆಯಲ್ಲಿ ಒಂದು ಹಳ್ಳಕ್ಕೆ ಇಳಿದರೆ ಮುಂದಿನ ಫರ್ಲಾಂಗಿನವರೆಗೂ ಮೇಲೆ, ಕೆಳಗೆ, ಮೇಲೆ. ಒಮ್ಮೆ ಮದ್ದೂರಿಗೆ ಹೋಗುವಾಗ ಹುಳಿಯ ಪಾತ್ರೆಯ ಮುಚ್ಚಳ ಹಾರಿ, ಹುಳಿಯಷ್ಟೂ ಸೂರಿಗೆ ಬಡಿದು, ಅಲ್ಲಿಂದ ನನ್ನ ತಲೆಯ ಮೇಲೆ ಇಳಿಯಿತು. ನಾನು ಆಗಷ್ಟೇ ಟೀಚರ್ ಕೆಲಸಕ್ಕೆ ಸೇರಿ ಅವರ ಮನೆಯಲ್ಲಿದ್ದೆ. ಅವತ್ತು ಉಟ್ಟದ್ದು ಮೊದಲ ಸಂಬಳದ ಸೀರೆ. ಚಿಕ್ಕಪ್ಪ ಹಿಂದಿರುಗಿ ನೋಡಿ ಕೇಳಿದ್ದೇನು ಗೊತ್ತೇ? “ಉಪ್ಪು ಸರಿಯಾಗೈತಾ ಮಗ?”

ಮದ್ದೂರಿನ ಮೆಕ್ಯಾನಿಕ್ ಬಂಪರನ್ನು ಎರಡೂ ಕೈಯಲ್ಲಿ ಅದುಮಿ ಬಿಟ್ಟ. ವ್ಯಾನು ತೂಗತೊಡಗಿತು. ಅವನು ಬೀಡಿ ತೆಗೆದು, ಹಚ್ಚಿ, ಒಂದು ದಮ್ಮು ಎಳೆದ. ಇನ್ನೂ ತೂಗುತ್ತಿತ್ತು.

“ಸಾಕಪ್ಸರ್ ಓಗವೆ ಮೇಷ್ಟ್ರೇ. ನಾಕೂ ಓಗವೆ.”

“ಅಂಗಂದ್ರೆ?”

“ಪಟ್ಟಿ ಸ್ಪ್ರಿಂಗು ಕುಣೀತದಲ್ಲ, ಅದ್ನ ಇಡ್ಕೊಂಡು ಸುಮ್ಕಿರು ಅನ್ನೋ ಕೊಳವೆ ಕಣ್ರೀ. ಸಾಕಪ್ಸರು!”

ವ್ಯಾನಿನೊಳಗಿಂದ ಚಿಕ್ಕಮ್ಮನ ದನಿ ಬಂತು: “ಸಾಕಪ್ಪ ಸಾಕು ಅಂತ ನಾನೂ ಅದ್ನೇ ಬಡ್ಕತಿರೋದು!”

ಚಿಕ್ಕಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಡಿ ಅಂದಮೇಲೆ ಕುಣಿಯದೆ ಇರುತ್ತದೆಯೇ ಎಂಬುದು ಅವರ ವಾದ.

ಅದಾಗಿ ಸ್ವಲ್ಪ ದಿನಕ್ಕೆ ಚಿಕ್ಕಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಬೆನ್ನು ಹೋಯಿತು. ಆರು ತಿಂಗಳು ಹಾಸಿಗೆ. ಅದು ಮುಗಿಯುತ್ತ ಬಂದಾಗ ಮಳವಳ್ಳಿಯಿಂದ ಕಾಗದ ಬಂತು. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಚಿಕ್ಕಮ್ಮನ ಒಬ್ಬಳೇ ತಂಗಿಗೆ ಹೆಣ್ಣು ಮಗು! ಹದಿನೈದು ದಿನಕ್ಕೆ ತೊಟ್ಟಿಲು ಶಾಸ್ತ್ರ. ಡಾಕ್ಟರು, “ಮಲಗಿಸಿಕೊಂಡು ಹೋಗಬಹುದು. ಆದರೆ ಒಂದು ಸಲ ಎತ್ತಿ ಹಾಕಿದರೂ ಮತ್ತೆ ಆರು ತಿಂಗಳು” ಎಂದರು. ಚಿಕ್ಕಮ್ಮ ಗೋಡೆಯ ಕಡೆ ಮುಖ ತಿರುಗಿಸಿ, “ಓಗ್ಲಿ ಬುಡಿ, ಮಗ ದೊಡ್ಡದಾದ್ಮೇಲೆ ಅದೇ ಬಂದು ನನ್ನ ನೋಡ್ಲಿ” ಎಂದರು. ಆಮೇಲೆ ಊಟಕ್ಕೂ ತಿರುಗಲಿಲ್ಲ.

ಮಾರನೆಯ ಬೆಳಿಗ್ಗೆ ಚಿಕ್ಕಪ್ಪ ರಜೆ ಬರೆದುಕೊಟ್ಟು ಬೆಂಗಳೂರಿನ ಬಸ್ಸು ಹತ್ತಿದರು. ಅಷ್ಟು ಹಳೆಯ ಗಾಡಿಗೆ ಹೊಂದುವ ಸಾಮಾನು ಸಿಗಬೇಕಲ್ಲ! ಮೂರನೆಯ ದಿನ ನಾಲ್ಕು ಸಾಕಪ್ಸರುಗಳನ್ನು ಪೇಪರಿನಲ್ಲಿ ಸುತ್ತಿ, ಹಸುಗೂಸಿನ ಹಾಗೆ ಅಪ್ಪಿಕೊಂಡು ಬಂದರು. ಕುತ್ತಿಗೆ, ಕೈ, ಕಿವಿಯ ಹಿಂದೆ, ಎಲ್ಲೆಲ್ಲೂ ಕೆಂಪು ದದ್ದು.

“ಇದೇನ್ ಚಿಕ್ಕಪ್ಪಾ?”

“ಲಾಡ್ಜಲ್ಲಿ ಮನೀಕಂಡಿದ್ದೆ ಕಣವ್ವ. ಅಲ್ಲಿದ್ದೋರೆಲ್ಲ ಬಂದು ಪರಿಚಯ ಮಾಡ್ಕೊಂಡ್ರು.”

ಹಾಕುವ ಕೆಲಸವನ್ನೂ ಯಾರಿಗೂ ಬಿಡಲಿಲ್ಲ. ಒಂದೊಂದು ನಟ್ಟಿಗೂ ನಂಬರು ಕೊಟ್ಟು ದೊಡ್ಡ ಚಿತ್ರ ಬರೆದು ಗೋಡೆಗೆ ಅಂಟಿಸಿದರು. ಗಾಲಿಗೆ ಕಲ್ಲು ಕೊಟ್ಟು, ಜಾಕು ಏರಿಸಿ, ಅಂಗಾತ ಮಲಗಿ ವ್ಯಾನಿನಡಿಗೆ ತೂರಿದರು. ಮೂರು ಹಳೆಯವು ಬಿಚ್ಚಿಕೊಂಡವು. ನಾಲ್ಕನೆಯದರ ನಟ್ಟು ತುಕ್ಕು ಹಿಡಿದು ಕೂತಿತ್ತು. ಎರಡು ದಿನ ಸೀಮೆಎಣ್ಣೆ ಕುಡಿಸಿದರೂ ಜಪ್ಪಯ್ಯ ಅನ್ನಲಿಲ್ಲ. ಶಾಸ್ತ್ರಕ್ಕೆ ಉಳಿದದ್ದು ಒಂದೇ ದಿನ! ಕೊನೆಗೆ ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ, ಅದರ ತುದಿಗೆ ನಾವಿಬ್ಬರೂ ಜೋತುಬಿದ್ದೆವು. ಕಿರ್ರ್ ಎಂದು ಒಂದು ಸದ್ದು. ಮರುಕ್ಷಣ ಇಬ್ಬರೂ ಮಣ್ಣಿನಲ್ಲಿ!

ಮನೆಯೊಳಗಿಂದ ಚಿಕ್ಕಮ್ಮ ಕೂಗಿದರು: “ಯಾರ್ ಸೊಂಟ ಓಯ್ತು?”

“ಯಾರ್ದೂ ಇಲ್ಲ ಕಣೇ! ನಟ್ಟು ಬಂತು, ನಟ್ಟು!”

ಹೊಸದು ನಾಲ್ಕೂ ಕೂತ ಮೇಲೆ ಚಿಕ್ಕಪ್ಪ ಬಂಪರನ್ನು ಅದುಮಿ ಬಿಟ್ಟರು. ವ್ಯಾನು ಕೆಳಗೆ ಹೋಯಿತು, ಮೇಲೆ ಬಂತು, ನಿಂತಿತು. ಅಷ್ಟೇ! ಬೀದಿಯವರನ್ನೆಲ್ಲ ಕರೆದು ಒಬ್ಬೊಬ್ಬರ ಕೈಯಲ್ಲೂ ಅದುಮಿಸಿದರು. ಹಾಲಿನವನು ಎರಡು ಸಲ ಅದುಮಿದ.

ಮರುದಿನ ಬೆಳಿಗ್ಗೆ ಚಿಕ್ಕಮ್ಮನನ್ನು ವ್ಯಾನಿನ ಮಂಚದ ಮೇಲೆ ಮಲಗಿಸಿ ಹೊರಟೆವು. ಪ್ರತಿ ಹಳ್ಳ ಬಂದಾಗಲೂ ಅವರು ಕಣ್ಣು ಮುಚ್ಚಿ ನನ್ನ ಮಣಿಕಟ್ಟು ಹಿಡಿಯುತ್ತಿದ್ದರು. ಮದ್ದೂರಿನ ಮೆಕ್ಯಾನಿಕ್ ತನ್ನ ಅಂಗಡಿಯ ಮುಂದಿನ ದೊಡ್ಡ ಗುಂಡಿಗೆ ನಾವು ಇಳಿಯುವುದನ್ನೇ ನೋಡುತ್ತ ನಿಂತಿದ್ದ. ವ್ಯಾನು ಇಳಿಯಿತು, ಏರಿತು, ಸದ್ದಿಲ್ಲದೆ ಮುಂದೆ ಹೋಯಿತು. ಅವನು ತಲೆಯ ಟವೆಲ್ಲು ಬಿಚ್ಚಿ ಬೀಸುತ್ತ, “ಗೆದ್ಬುಟ್ರಿ ಮೇಷ್ಟ್ರೇ!” ಎಂದು ಕೂಗಿದ. ಚಿಕ್ಕಪ್ಪ ದಸರಾ ಆನೆಯ ಮೇಲೆ ಕೂತವರ ಹಾಗೆ ಕೈಯೆತ್ತಿದರು! ಅಲ್ಲಿಂದ ಮುಂದೆ ಚಿಕ್ಕಮ್ಮನ ಹಿಡಿತ ಸಡಿಲವಾಯಿತು.

ಮಳವಳ್ಳಿಯಲ್ಲಿ ಮನೆಯವರೆಲ್ಲ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. ಚಿಕ್ಕಪ್ಪ ನಿಧಾನ ಮಾಡಿ ಹಿಂದಿರುಗಿ ನೋಡಿದರು. ಚಿಕ್ಕಮ್ಮನಿಗೆ ನಿದ್ದೆ ಬಂದಿತ್ತು. ನೋವಿನಿಂದ ಆರು ತಿಂಗಳಲ್ಲಿ ಒಂದು ಗಂಟೆ ನೆಟ್ಟಗೆ ಕಣ್ಣು ಮುಚ್ಚದವರು ಬಾಯಿ ಅರೆತೆರೆದು ಮಲಗಿದ್ದರು. ಚಿಕ್ಕಪ್ಪ ಒಂದು ಗಳಿಗೆ ಹಾಗೇ ನೋಡಿದರು. ಆಮೇಲೆ ಮೆಲ್ಲಗೆ ಗೇರು ಹಾಕಿ ಮನೆಯನ್ನು ದಾಟಿ ಹೋಗಿಯೇಬಿಟ್ಟರು!

“ಚಿಕ್ಕಪ್ಪಾ, ಮನೆ ಇಂದಕ್ಕಾಯ್ತು!”

“ಕೂಗ್ಬ್ಯಾಡ ಕಣವ್ವ, ಮನೀಕಂಡವಳೆ. ಇನ್ನೊಂದ್ ಸುತ್ತು ಓಗ್ಬರಣ.”

ಮೊದಲ ಸುತ್ತಿನಲ್ಲಿ ನೆಂಟರೆಲ್ಲ ಕೂಗುತ್ತ ಹಿಂದೆ ಓಡಿಬಂದರು. ಎರಡನೆಯದರಲ್ಲಿ ಬಾಯಿ ತೆರೆದು ನಿಂತರು. ಮೂರನೆಯ ಸಲ ಚಿಕ್ಕಮ್ಮನ ತಂಗಿ ಮಗುವನ್ನು ಎತ್ತಿಕೊಂಡು ಬೀದಿಗೆ ಇಳಿದಳು. ಚಿಕ್ಕಪ್ಪ ನಿಲ್ಲಿಸಿದರು. ಅವಳು ಕಿಟಕಿಯೊಳಗೆ ಬಗ್ಗಿ, ಮಲಗಿದ್ದ ಅಕ್ಕನ ಮುಖವನ್ನು ಬಹಳ ಹೊತ್ತು ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಪಿಸುದನಿಯಲ್ಲಿ ಹೇಳಿದಳು:

“ಓಗ್ಬನ್ನಿ ಬಾವ. ಶಾಸ್ತ್ರ ಕಾಯ್ತದೆ.”