ಹುಳುಮನೆಯಲ್ಲಿ ಹಿಮಯಾತ್ರೆ

ರಾಯದುರ್ಗದಲ್ಲಿ ಹುಟ್ಟಿ ಬೆಳೆದವನು ಹಿಮಪ್ರದೇಶದ ಪುಸ್ತಕ ಓದುವುದೆಂದರೆ ಉಪವಾಸವಿದ್ದವನು ಅಡುಗೆ ಪುಸ್ತಕ ಓದಿದಂತೆ. ಹೊಟ್ಟೆ ತುಂಬುವುದಿಲ್ಲ, ಬಿಡಲೂ ಆಗುವುದಿಲ್ಲ. ನಾನು ವೃತ್ತಿಯಲ್ಲಿ ದರ್ಜಿ. ಬೇಸಿಗೆಯಲ್ಲಿ ನಮ್ಮ ಅಂಗಡಿಯ ತಗಡಿನ ಸೂರಿನ ಕೆಳಗೆ ಹೊಲಿಗೆ ಮಿಷನ್ನು ಮುಟ್ಟಿದರೆ ಬೆರಳು ಚುರ್ ಎನ್ನುತ್ತದೆ. ಒಮ್ಮೆ ಬಳ್ಳಾರಿಯ ರಸ್ತೆ ಬದಿಯ ಹಳೆ ಪುಸ್ತಕಗಳ ರಾಶಿಯಲ್ಲಿ ಧ್ರುವಯಾತ್ರೆಯ ಕಥೆಯೊಂದು ಸಿಕ್ಕಿತು. ಅದನ್ನು ಓದಿದ ಮಧ್ಯಾಹ್ನ ಬೆವರಿದ್ದೇ ನೆನಪಿಲ್ಲ. ಅಲ್ಲಿಂದ ಚಟ ಹತ್ತಿತು. ಈವರೆಗೆ ಹನ್ನೊಂದು ಪುಸ್ತಕಗಳಾಗಿವೆ. ಪ್ಯಾಂಟಿನ ಅಳತೆ ಕೊಡಲು ಬಂದವರನ್ನೂ ನಾನು ಬಿಡುತ್ತಿರಲಿಲ್ಲ. "ನಮ್ದೇನ್ ಚಳಿ ಬಿಡ್ರಿ. ಅಲ್ಲಿ ಉಗುಳಿದ್ರ ನೆಲಕ್ಕ ಬೀಳೋದ್ರಾಗ ಕಲ್ಲಾಗತೈತಿ" ಎನ್ನುತ್ತಿದ್ದೆ. ಅವರು, "ಹೌದೇನ್ರಿ? ಸೊಂಟ ಸ್ವಲ್ಪ ಲೂಸ್ ಇಡ್ರಿ" ಎನ್ನುತ್ತಿದ್ದರು.

ಹೇಳಿಕೊಳ್ಳಲು ನಾಚಿಕೆಯಾಗುವ ಸಂಗತಿ ನಡೆದದ್ದು ಕಳೆದ ಚಳಿಗಾಲದಲ್ಲಿ, ಮಡಕಶಿರಾದ ಹತ್ತಿರ ನನ್ನ ಹೆಂಡತಿ ರತ್ನಳ ತವರಿನಲ್ಲಿ. ಅತ್ತೆ ರೇಷ್ಮೆ ಹುಳು ಸಾಕುತ್ತಾರೆ, ಅದರಲ್ಲೇ ಅವರ ಜೀವನ. ನಾವು ಹೋದಾಗ ಹುಳುಗಳಿನ್ನೂ ಅಕ್ಕಿಕಾಳಿಗಿಂತ ಸಣ್ಣ ಮರಿಗಳು. ಎರಡು ದಿನದಿಂದ ಮೋಡ ಕವಿದು ಥಂಡಿಗಾಳಿ ಬೀಸುತ್ತಿತ್ತು. ಮರಿಗಳು ಬೆಚ್ಚಗಿರಲೆಂದು ಅತ್ತೆ ಹುಳುಮನೆಯೊಳಗೆ ಇದ್ದಿಲ ಒಲೆ ಇಟ್ಟಿದ್ದರು. ಆ ದಿನ ಪಕ್ಕದೂರು ರೊಳ್ಳದಲ್ಲಿ ನಾದಿನಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಹುಳ ಬಿಟ್ಟು ಹೋಗುವಂತಿಲ್ಲ, ಮೊಮ್ಮಗುವಿನ ಶಾಸ್ತ್ರ ತಪ್ಪಿಸುವಂತಿಲ್ಲ. ಅತ್ತೆಯ ಪೇಚಾಟ ನೋಡಿ ನಾನೇ ಮುಂದೆ ಬಂದೆ.

"ನೀವಿಬ್ರೂ ಹೋಗಿ ಬರ್ರಿ ಅತ್ತಿ. ಹುಳ ನಾ ನೋಡ್ಕೊಂತೀನಿ."

"ಕೆಂಡ ಆರಬಾರ್ದು ಅಳಿಯಂದ್ರೇ. ಗಂಟೆಗೊಂದ್ ಕಿತ ಇದ್ದಿಲು ಹಾಕಿ. ಥಂಡಿ ಆದ್ರೆ ಹುಳ ಸೊಪ್ಪು ಮುಟ್ಟಲ್ಲ."

"ಚಳಿ ಅಂದ್ರ ಏನಂತ ನನಗ ಹೇಳ್ತೀರೇನ್ರಿ?" ಎಂದು ನಕ್ಕೆ. ಅತ್ತೆಯೂ ನಕ್ಕರು. ರತ್ನ ನಗಲಿಲ್ಲ. ನನ್ನ ಚೀಲದಿಂದ ಇಣುಕುತ್ತಿದ್ದ ಪುಸ್ತಕವನ್ನೇ ನೋಡಿದಳು.

ಅವರು ಬಸ್ಸು ಹತ್ತಿದ ಮೇಲೆ ನಾನು ಹುಳುಮನೆಯ ಮೂಲೆಯಲ್ಲಿ ಗೋಣಿಚೀಲ ಹಾಸಿಕೊಂಡು ಕುಳಿತೆ. ಮೊದಲ ಸಲ ಇದ್ದಿಲು ಹಾಕಿದ್ದು ನಿಜ. ಆಮೇಲೆ ಪುಸ್ತಕ ತೆರೆದೆ. ಅದರಲ್ಲಿ ಮಂಜಿನ ನಡುವೆ ಒಂದು ಮರದ ಗುಡಿಸಲು. ಜೊತೆಯವರು ಹೊರಗೆ ಹೋಗಿದ್ದಾರೆ, ಒಬ್ಬ ಮಾತ್ರ ಒಳಗೆ ಉಳಿದಿದ್ದಾನೆ. ಮೈಯಲ್ಲಿ ಜ್ವರ. ಆದರೂ ಅವರು ಬರುವವರೆಗೆ ಒಲೆ ಆರಬಾರದೆಂದು ತೆವಳಿಕೊಂಡು ಹೋಗಿ ಸೌದೆ ಒಟ್ಟುತ್ತಾನೆ. ಅವನ ನಿಷ್ಠೆಗೆ ನನ್ನ ಕಣ್ಣು ತುಂಬಿ ಬಂತು. ಓದುತ್ತ ಓದುತ್ತ ನನಗೂ ಮೈ ನಡುಗತೊಡಗಿತು. ಎಂಥ ಬರಹಗಾರ, ಓದುಗನಿಗೂ ಚಳಿ ಹತ್ತಿಸುತ್ತಾನಲ್ಲ ಎಂದು ಮೆಚ್ಚಿಕೊಂಡು ಕಂಬಳಿ ಹೊದ್ದೆ.

ಬಾಗಿಲು ತೆರೆದ ಸದ್ದಾದಾಗ ಮಧ್ಯಾಹ್ನ ಮೂರು ದಾಟಿತ್ತು. ಅತ್ತೆ ನೇರ ಒಲೆಯ ಹತ್ತಿರ ಹೋಗಿ ಬೂದಿಯ ಮೇಲೆ ಅಂಗೈ ಹಿಡಿದರು. ಆಮೇಲೆ ಹುಳುಗಳಿದ್ದ ತಟ್ಟೆಗಳ ಮೇಲೆ ಬಗ್ಗಿದರು. ಬೆಳಿಗ್ಗೆ ಹಾಕಿದ ಸೊಪ್ಪು ಹಾಗೇ ಬಾಡಿ ಬಿದ್ದಿತ್ತು. ಹುಳುಗಳು ಅಲುಗುತ್ತಿರಲಿಲ್ಲ. ಅತ್ತೆ ಹೊಸ ಸೀರೆಯಲ್ಲೇ ಕುಕ್ಕರಗಾಲಲ್ಲಿ ಕುಳಿತು ಒಲೆ ಊದತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು.

"ಓದ್ತಾ ಅಳ್ತಿದ್ರಾ?" ಎಂದಳು ರತ್ನ, ನನ್ನ ಕಣ್ಣು ನೋಡಿ. "ಹುಳ ಹೋದ್ರೆ ನಮ್ಮವ್ವ ಅಳಬೇಕಾಗ್ತದೆ."

ಅಷ್ಟರಲ್ಲಿ ಪಕ್ಕದ ಮನೆಯಾಕೆ ಒಳಗೆ ಇಣುಕಿ, "ಯಾಕಕ್ಕಾ, ಹುಳ ಮಂಕಾಗವೆ?" ಎಂದಳು. ನಾನು ನೆಲ ನೋಡಿದೆ.

"ಮೋಡ ಅಲ್ವೇನಮ್ಮ, ಅದಕ್ಕೇ" ಎಂದರು ಅತ್ತೆ. "ನಮ್ಮ ಅಳಿಯಂದ್ರು ಪಾಪ, ಬೆಳಗಿಂದ ಜಾಗ ಬಿಟ್ಟು ಎದ್ದಿಲ್ಲ."

ಆ ಕೊನೆಯ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಾನು ಕೂಗಿ ನಿಜ ಹೇಳಬೇಕಿತ್ತು. ಬದಲಿಗೆ ಪಕ್ಕದ ಮನೆಯಾಕೆ ಕೊಟ್ಟ "ಅಯ್ಯೋ ಪಾಪ" ಎಂಬ ಕನಿಕರವನ್ನೂ ಸುಮ್ಮನೆ ಸ್ವೀಕರಿಸಿದೆ.

ಸಂಜೆಯ ಹೊತ್ತಿಗೆ ಹುಳುಗಳು ತಲೆ ಆಡಿಸಿದವು. ಸತ್ತದ್ದು ಸ್ವಲ್ಪವೇ. ಆದರೆ ಬದುಕಿದವುಗಳಲ್ಲಿ ಕೆಲವು ಬೆಳವಣಿಗೆಯಲ್ಲಿ ಹಿಂದೆ ಬಿದ್ದವು. ಅತ್ತೆ ಅವನ್ನು ಒಂದೊಂದಾಗಿ ಆರಿಸಿ ಬೇರೆ ತಟ್ಟೆಗೆ ಹಾಕಿ, ಎರಡು ಪಾಳಿಯಲ್ಲಿ ಸೊಪ್ಪು ಕೊಡಬೇಕಾಯಿತು.

ಮರುದಿನ ಬೆಳಿಗ್ಗೆ ಹಾಗೆ ಆರಿಸುತ್ತಲೇ ಕೇಳಿದರು: "ಆ ಪುಸ್ತಕದಾಗೆ ಅಂಥದ್ದೇನೈತೆ ಅಳಿಯಂದ್ರೇ?"

ನಿಜವಾದ ಕುತೂಹಲ ಅವರದು. ನಾನು ಒಲೆಯ ವಿಷಯ ಹಾರಿಸಿ ಉಳಿದ ಕಥೆ ಹೇಳಿದೆ. ಹಿಮ, ಗಾಳಿ, ಒಂಟಿ ಮನುಷ್ಯ. ಅತ್ತೆ ಕೈ ನಿಲ್ಲಿಸದೆ ಕೇಳಿ, "ಅಷ್ಟು ದಿನ ಅವನ ಹೆಂಡ್ತಿ ಊರಾಗೆ ಏನ್ ಮಾಡ್ತಿದ್ಲು?" ಎಂದರು.

ಹನ್ನೊಂದು ಪುಸ್ತಕ ಓದಿದವನಿಗೆ ಒಮ್ಮೆಯೂ ಹೊಳೆಯದ ಪ್ರಶ್ನೆ. "ಅದನ್ನ ಬರದಿಲ್ರಿ ಅತ್ತಿ" ಎಂದೆ.

"ಬರೆಯೋದೇನೈತೆ?" ಒಳಗಿನಿಂದ ರತ್ನಳ ದನಿ ಬಂತು. "ಹುಳಕ್ಕೆ ಸೊಪ್ಪು ಕುಯ್ತಿದ್ಲು."

ನಾನು ಎದ್ದು ಮಂಕರಿ, ಕುಡುಗೋಲು ಹಿಡಿದು ಹಿಪ್ಪುನೇರಳೆ ತೋಟಕ್ಕೆ ಹೋದೆ. ಗಾಳಿಗೆ ಕಿವಿ ಮರಗಟ್ಟಿತು, ಕೈ ತರಚಿತು. ಒಂದು ಗಂಟೆ ಕುಯ್ದು, ಅಗಲಗಲ ಎಲೆಗಳನ್ನು ಮಂಕರಿ ತುಂಬ ಹೊತ್ತು ತಂದು ಅತ್ತೆಯ ಮುಂದಿಟ್ಟೆ. ಅವರು ಒಂದೆಲೆಯನ್ನು ಬೆರಳಲ್ಲಿ ಮಡಿಸಿ ನೋಡಿ, "ಬಲು ಚೆನ್ನಾಗೈತೆ ಅಳಿಯಂದ್ರೇ" ಎಂದರು. ಮಂಕರಿಯನ್ನು ಎತ್ತಿಕೊಂಡು ಹೋಗಿ ಎಮ್ಮೆಯ ಮುಂದೆ ಸುರಿದರು. ಮರಿಹುಳಕ್ಕೆ ತುದಿಯ ಎಳೆ ಎಲೆ ಬಿಟ್ಟು ಬೇರೆ ಆಗುವುದಿಲ್ಲವೆಂದು ರತ್ನ ಆಮೇಲೆ ಹೇಳಿದಳು. ಎಮ್ಮೆ ಮಾತ್ರ ತಲೆಯೆತ್ತದೆ ಎಲ್ಲವನ್ನೂ ತಿಂದು ಮುಗಿಸಿತು.