ಅತ್ತೆ ಹೆಸರಿಟ್ಟ ಸಮೋವರ್

ನಲವತ್ತು ಪೌಂಡು. ಮಾರುವವನು ಹೇಳಿದ್ದು ತೊಂಬತ್ತು. ನಲವತ್ತಕ್ಕೆ ಇಳಿಸಲು ನಾನು ನಲ್ಲಿ ಅಲುಗಾಡಿಸಿ ಮುಖ ಸಿಂಡರಿಸಿದೆ, ಎರಡು ಸಲ ನನ್ನ ಕಾರಿನ ತನಕ ಹೋಗಿ ಬಂದೆ, ಕೊನೆಗೆ ಮಳೆ ಬರಲೆಂದು ಕಾದೆ. ಜನ ಹಳೆಯ ಸಾಮಾನನ್ನು ಕಾರಿನ ಡಿಕ್ಕಿಯಲ್ಲೇ ಇಟ್ಟು ಮಾರುವ ಕಾರ್ ಬೂಟ್ ಸೇಲಿನಲ್ಲಿ ಮಳೆಗಿಂತ ದೊಡ್ಡ ದಲ್ಲಾಳಿ ಇಲ್ಲ. ಹೀಗೆ ರಷ್ಯನ್ನರು ಚಹಾದ ನೀರು ಕಾಯಿಸುವ ಹಿತ್ತಾಳೆಯ ಸಮೋವರ್ ಒಂದು ಗ್ರೀನ್‌ಫರ್ಡಿನ ನಮ್ಮ ಮನೆಗೆ ಬಂತು. ಕೆಟಲ್ ಇರುವಾಗ ಇದೇಕೆ ಎಂದು ನೀವು ಕೇಳಬಹುದು. ಕೆಟಲ್ ನೀರು ಕಾಯಿಸುತ್ತದೆ, ಅಷ್ಟೇ. ಬಂದವರ ಹೊಟ್ಟೆ ಉರಿಸುವುದಿಲ್ಲ. ಕ್ರೋಯ್ಡನ್ನಿನ ಪಾಟೀಲರು ಕಾಫಿ ಮೆಷಿನ್ ಕೊಂಡು ನಮ್ಮನ್ನು ಕರೆದ ದಿನದಿಂದ ನನಗೆ ಇಂಥದ್ದೊಂದರ ತೀರಾ ಅಗತ್ಯವಿತ್ತು. ಮುಂದಿನ ಭಾನುವಾರವೇ ಅವರನ್ನು ಚಹಾಕ್ಕೆ ಕರೆದೆ. ಹಿತ್ತಲಲ್ಲಿ ಇದ್ದಿಲು ಹಚ್ಚಿ, ನೀರು ಕುದಿಸಿ, ಕೆಂಡ ಹೊರಗೆ ಸುರಿದು, ಸಮೋವರನ್ನು ಮದುಮಗನಂತೆ ಹಾಲ್‌ನ ನಡುವೆ ತಂದು ಕೂರಿಸಿದೆ.

ಒಂದೇ ಒಂದು ಎಡವಟ್ಟಾಯಿತು. ನಾನು ಕುಂದಾಪುರದವನು, ನಮ್ಮ ಬಚ್ಚಲಲ್ಲಿ ಇದ್ದದ್ದು ಒಲೆಗೆ ಕೂರಿಸಿದ ಹಂಡೆ. ಹೆಂಡತಿ ಧಾರವಾಡದವಳು, ಅವಳ ಅವ್ವ ಆಗ ನಮ್ಮಲ್ಲಿಗೆ ಬಂದಿದ್ದರು. ಅವರು ಸಮೋವರಿಗೆ ಒಂದು ಸುತ್ತು ಬಂದು, ನಡುವಿನ ಕೊಳವೆಯೊಳಗೆ ಇಣುಕಿ, ಪಾಟೀಲ ದಂಪತಿಯ ಎದುರಿಗೇ ಕೇಳಿದರು:

“ಅಳಿಯಂದ್ರ, ಇದು ಬಂಬ ಅಲ್ಲೇನ್ರಿ? ಬಚ್ಚಲದಾಗ ಇಡೂದನ್ನ ಹಾಲ್‌ನಾಗ ಯಾಕ ಇಟ್ಟೀರಿ?”

ಬಂಬ ಎಂದರೆ ಆ ಕಡೆ ಸ್ನಾನದ ನೀರು ಕಾಯಿಸುವ ತಾಮ್ರದ ಪಾತ್ರೆ: ನಡುವೆ ಕೆಂಡದ ಕೊಳವೆ, ಸುತ್ತ ನೀರು, ಕೆಳಗೆ ನಲ್ಲಿ. ನಾನು ರಷ್ಯಾದ ಅರಮನೆ, ಹಿಮ ಎಂದೆಲ್ಲ ಬಡಬಡಿಸಿದೆ.

“ಅಲ್ಲೆ ಥಂಡಿ ಭಾಳ ಅಲ್ಲೇನ್ರಿ, ಜಳಕಕ್ಕ ಬೇಕಾಗಿರ್ತದ,” ಎಂದರು ಅತ್ತೆ.

ಪಾಟೀಲರು ತುಟಿಯ ತನಕ ಒಯ್ದಿದ್ದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟು, “ಸಾಬೂನು ಎಲ್ಲಿ ಇಟ್ಟೀರಿ ಸರ್?” ಎಂದರು. ಹೆಂಡತಿ “ಸಾಕ್ರಿ” ಎಂದಷ್ಟೇ ಹೇಳಿ ಹೋಗಿ ಕೆಟಲ್‌ನ ಸ್ವಿಚ್ ಒತ್ತಿದಳು.

ಆ ವಾರವೇ ಮನೆಯ ಬಾಯ್ಲರ್ ಕೆಟ್ಟಿತು. ರಿಪೇರಿಯವನು ನಾಲ್ಕು ದಿನ ಬಿಟ್ಟು ಬರುತ್ತೇನೆಂದ. ಕೆಟಲ್‌ನಲ್ಲಿ ನೀರು ಕಾಯಿಸಿ ಕೊಡಲು ಹೋದರೆ ಅತ್ತೆ ತಡೆದರು: “ಚಾ ಮಾಡೂದರಾಗ ಜಳಕದ ನೀರ ಕಾಸ್ತಾರೇನ್ರಿ? ಬಂಬ ಅದ ಅಲ್ಲೇನ್ರಿ!” ದಿನವೂ ಬೆಳಿಗ್ಗೆ ನಾನು ಹಿತ್ತಲಲ್ಲಿ ನಡುಗುತ್ತಾ ಇದ್ದಿಲು ಊದಿದೆ. ಅಳಿಯ ಬಂಬ ತಂದಿದ್ದಾನೆ, ಭಾಳ ಶಾಣ್ಯಾ ಎಂದು ಅವರು ಧಾರವಾಡಕ್ಕೆಲ್ಲ ಫೋನ್ ಮಾಡಿ ಹೇಳಿದರು.

ಆದ್ದರಿಂದ, ಸಮೋವರ್ ಕೊಳ್ಳುವವರು ನಲ್ಲಿ ಸೋರುತ್ತದೆಯೇ ನೋಡಿ, ಮಳೆಗೆ ಕಾಯಿರಿ. ಆದರೆ ಚೌಕಾಸಿಗೆ ಮೊದಲು ಹೆಂಡತಿಯ ತವರಿಗೆ ಅದರ ಫೋಟೋ ಕಳಿಸಿ, ಇದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ ಎಂದು ವಿಚಾರಿಸಿ. ಎಷ್ಟು ಲೀಟರ್ ಹಿಡಿಯುತ್ತದೆಂದೂ ಕೇಳಿ. ನಮ್ಮದು ನಾಲ್ಕೇ ಲೀಟರ್. ಅತ್ತೆಯ ಜಳಕ ಮುಗಿದ ಮೇಲೆ ನನಗೆ ಉಳಿಯುತ್ತಿದ್ದದ್ದು ಮುಖ ತೊಳೆಯುವಷ್ಟು.