ಭಾವನ ಬೆನ್ನಿನ ಪರೀಕ್ಷೆ

ನಮ್ಮ ಅಕ್ಕನ ಗಂಡನಿಗೆ, ಅಂದರೆ ನಮ್ಮ ಭಾವನಿಗೆ, ಈ ಲೋಕದಲ್ಲಿ ಯಾವುದೂ ನೋಯುವುದಿಲ್ಲ! ನಂಬಿಕೆ ಬರಲಿಲ್ಲವೇ? ಒಮ್ಮೆ ಚಳ್ಳಕೆರೆಯ ನಮ್ಮ ಮನೆಗೆ ಬಂದಿದ್ದಾಗ ಅವರ ಬೆರಳು ಬಾಗಿಲ ಸಂದಿಗೆ ಸಿಕ್ಕಿ ಜಜ್ಜಿಹೋಯಿತು. ನಾನು ಗಾಬರಿಯಿಂದ ಓಡಿಹೋದರೆ, ಆ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ಬಾಗ್ಲು ಬಾಳ ಗಟ್ಟಿ ಐತೆ ಬಾಮೈದ, ಬೇವೋ ತೇಗವೋ?" ಎಂದು ವಿಚಾರಿಸಿದರು. ಹಲ್ಲು ಕೀಳಿಸಿಕೊಂಡ ದಿನ ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ದಂತವೈದ್ಯರ ಭುಜ ತಟ್ಟಿ, "ಪಾಪ, ಬಾಳ ಕಷ್ಟ ಬಿದ್ರಿ, ಸ್ವಲ್ಪ ಕುಂತ್ಕಳ್ರಿ" ಎಂದು ಸಮಾಧಾನ ಹೇಳಿದವರು ಅವರು!

ಮೊಳಕಾಲ್ಮುರಿನಲ್ಲಿ ಭಾವನದು ಗುಂಡಿಮಗ್ಗ. ಕಾಲು ಗುಂಡಿಯೊಳಗೆ, ಕಣ್ಣು ರೇಷ್ಮೆಯ ಎಳೆಯ ಮೇಲೆ, ಬೆನ್ನು ಮಾತ್ರ ಯಾರಿಗೂ ಬೇಡದ್ದು. ಈಚಿನ ವರ್ಷಗಳಲ್ಲಿ ಅವರು ಮಗ್ಗದಿಂದ ಏಳುವುದು ಕಂತುಗಳಲ್ಲಿ. ಮೊದಲು ಕೈ ಊರುತ್ತಾರೆ, ಆಮೇಲೆ ಒಂದು ಮಂಡಿ, ಕೊಂಚ ವಿರಾಮ, ಇನ್ನೊಂದು ಮಂಡಿ. ಸೊಂಟ ಬಂದು ಸೇರುವ ಹೊತ್ತಿಗೆ ಕಾಫಿ ಆರಿರುತ್ತದೆ.

"ಬೆನ್ನು ನೋವಾ ಭಾವ?"

"ಏಮೀ ಲೇದು!" ಏನೂ ಇಲ್ಲ ಎಂಬುದನ್ನು ತೆಲುಗಿನಲ್ಲಿ ಹೇಳಿದರೆ ಜನ ಬೇಗ ನಂಬುತ್ತಾರೆಂದು ಅವರ ಎಣಿಕೆ. "ಗುಂಡಿ ಆಳ ಆಗೈತೆ, ಅಷ್ಟೇ."

"ಗುಂಡಿ ತಾನಾಗೇ ಹೆಂಗೆ ಆಳ ಆಗ್ತೈತೆ?"

"ನಿಂಗೇನು ಗೊತ್ತು? ಮುಂಜಾನೆ ಎದ್ದು ರೋಡು ತುಳಿಯೋನು ನೀನು!"

ನಾನು ಮುಂಜಾನೆ ಐದಕ್ಕೆ ಎದ್ದು ನಡೆಯುವವನು, ನಿಜ. ಊಟ, ನಿದ್ದೆ, ಔಷಧ ಎಲ್ಲವೂ ಹೊತ್ತಿಗೆ ಸರಿಯಾಗಿ ಆಗಬೇಕು ಎನ್ನುವವನು. ಅಂಥವನಿಗೆ ಇಂಥ ಭಾವ!

ಈ ವರ್ಷ ಯುಗಾದಿ ಕಳೆದ ಮೇಲೆ ಅವರಿಗೆ ಗುಂಡಿಗೆ ಇಳಿಯುವುದೇ ಆಗದೆಹೋಯಿತು. ಅರ್ಧ ನೇಯ್ದ ಸೀರೆ ಮಗ್ಗದ ಮೇಲೇ ನಿಂತಿತು. ಭಾವ ಅದರ ಪಕ್ಕ ಕುರ್ಚಿ ಹಾಕಿಕೊಂಡು, ತುಂಟ ಎತ್ತನ್ನು ಬೈಯುವಂತೆ ಮಗ್ಗವನ್ನು ಬೈಯುತ್ತ ಕೂತರು. ಮತ್ತೆ ನೇಯಲಾಗದಿದ್ದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ನನಗೆ ಅನ್ನಿಸಿತು. ಅಕ್ಕನನ್ನೂ ಅವರನ್ನೂ ಬಸ್ಸು ಹತ್ತಿಸಿ ಚಳ್ಳಕೆರೆಗೆ ಕರೆತಂದು, ನೋವಿನ ಚಿಕಿತ್ಸೆಗೆಂದೇ ಆಸ್ಪತ್ರೆಗೆ ಬರುವ ಒಬ್ಬ ವೈದ್ಯೆಯ ಮುಂದೆ ಕೂರಿಸಿದೆ.

ವಯಸ್ಸು ಚಿಕ್ಕದು, ತಾಳ್ಮೆ ದೊಡ್ಡದು ಆ ಹುಡುಗಿಗೆ. "ಅಜ್ಜಾ, ಎಲ್ಲರ ಬೆನ್ನು ನೋವೂ ಒಂದೇ ಥರ ಅಲ್ಲ. ಕೆಲವರಿಗೆ ಸ್ನಾಯು ಬಿಗಿದಿರುತ್ತೆ, ಕೆಲವರಿಗೆ ನರಗಳೇ ಸಣ್ಣದನ್ನೂ ದೊಡ್ಡದು ಮಾಡಿ ಹೇಳ್ತಿರುತ್ತವೆ. ಒತ್ತಿ, ಚುಚ್ಚಿ, ಬಿಸಿ-ತಣ್ಣಗೆ ಮುಟ್ಟಿಸಿ ನೋಡಿದ್ರೆ ಯಾವ ಚಿಕಿತ್ಸೆ ನಿಮಗೆ ಹಿಡಿಸಬಹುದು ಅಂತ ಒಂದು ಅಂದಾಜು ಸಿಗುತ್ತೆ. ಅಂದಾಜು ಅಷ್ಟೇ, ಭವಿಷ್ಯ ಅಲ್ಲ."

"ಬಿತ್ತೋಕೆ ಮುಂಚೆ ಮಣ್ಣು ನೋಡ್ದಂಗೆ," ಎಂದರು ಭಾವ. "ನೋಡವ್ವ, ನೋಡು."

ಅವರ ಕೈಗೆ ಒಂದು ಕರೆಗಂಟೆಯ ಗುಂಡಿ ಕೊಟ್ಟರು. ಒತ್ತಿದ್ದು ನೋಯತೊಡಗಿದ ಕೂಡಲೇ ಅದನ್ನು ಅದುಮಬೇಕು. ಇದಕ್ಕಿಂತ ಸುಲಭದ ಪರೀಕ್ಷೆ ಉಂಟೇ?

ವೈದ್ಯೆ ಅಳತೆಯ ಮುಳ್ಳಿದ್ದ ಒಂದು ಉಪಕರಣವನ್ನು ಸೊಂಟದ ಮೇಲೆ ಇಟ್ಟು ಒತ್ತಿದರು. ಮುಳ್ಳು ಏರಿತು. ಗಂಟೆ ಇಲ್ಲ. ಇನ್ನೂ ಒತ್ತಿದರು. ಭಾವನ ಹಣೆಯ ಮೇಲೆ ಬೆವರು! "ಫ್ಯಾನು ಹಾಕ್ರಿ, ಸೆಕೆ ಐತೆ." ತಣ್ಣನೆಯ ತಟ್ಟೆ ಇಟ್ಟರೆ, "ಈಗ ಹಿತವಾಗೈತೆ." ಮೊಂಡು ಸೂಜಿ ತಗುಲಿಸಿದರೆ, "ಇದು ಹೊಲಿಗೆ ಸೂಜಿನೋ, ದಬ್ಬಳನೋ?" ಮುಳ್ಳು ಕೊನೆಯ ಗೆರೆ ಮುಟ್ಟಿತು, ಭಾವನ ಗಂಟೆ ಮಾತ್ರ ಮೌನ!

ವೈದ್ಯೆ ಉಪಕರಣ ಕೆಳಗಿಟ್ಟರು. "ಅಜ್ಜಾ, ನೀವು ಸುಳ್ಳು ಹೇಳಿದ್ರೆ ನಾನು ತಪ್ಪು ಚಿಕಿತ್ಸೆ ಕೊಡ್ತೀನಿ. ಮತ್ತೆ ಮಗ್ಗಕ್ಕೆ ಇಳಿಬೇಕೋ ಬೇಡ್ವೋ?"

ಭಾವ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಅಕ್ಕನ ಕಡೆ ನೋಡಿದರು.

"ನನ್ನೇನು ನೋಡ್ತೀರಿ? ಹೇಳ್ರಿ," ಎಂದಳು ಅಕ್ಕ.

"ಹೇಳಿದ್ರೆ ನೀನು ಸುಮ್ನಿರ್ತೀಯಾ? ಹೊಸದಾಗಿ ಮದುವೆ ಆದಾಗ ನಾನು ಹೊಟ್ಟೆ ನೋವು ಅಂದೆ. ನೀನು ಮನೆದೇವ್ರಿಗೆ ಹರಕೆ ಕಟ್ಕಂಡು ವಾಸಿ ಆಗೋವರೆಗೂ ಒಪ್ಪತ್ತು ಉಂಡೆ. ತಲೆನೋವು ಅಂದ್ರೆ ಒಪ್ಪತ್ತು, ಕಾಲು ಉಳುಕಿದ್ರೆ ಒಪ್ಪತ್ತು. ಆಮೇಲೆ ನಾನು ಹೇಳೋದೇ ಬಿಟ್ಟೆ. ಈಗ ನಿಂಗೆ ಸಕ್ಕರೆ ಕಾಯಿಲೆ. ಈ ಬೆನ್ನು ಎಂದು ವಾಸಿ ಆಗ್ತೈತೋ ಏನೋ, ಅಲ್ಲೀಗಂಟ ನೀನು ಒಂದೇ ಹೊತ್ತು ಉಂಡು ಬದುಕ್ತೀಯಾ?"

ಇಷ್ಟು ವರ್ಷ ಭಾವನನ್ನು ಆಡಿಕೊಂಡು ನಕ್ಕವನು ನಾನು. ವೈದ್ಯೆ ಕಿಟಕಿಯ ಕಡೆ ತಿರುಗಿಕೊಂಡರು. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹರಕೆ ಕಟ್ಟಲ್ಲ."

"ಮೂರು ಹೊತ್ತೂ ಉಣ್ತೀಯಾ?"

"ಉಣ್ತೀನಿ ಕಣ್ರೀ."

"ಬಾಮೈದನ ಮುಂದೆ ಹೇಳ್ತಿದೀಯ, ನೋಡು."

"ಹೂಂ ಅಂದ್ನಲ್ಲ!"

ವೈದ್ಯೆ ಮತ್ತೆ ಉಪಕರಣ ಕೈಗೆತ್ತಿಕೊಂಡು ಸೊಂಟಕ್ಕೆ ಮೆಲ್ಲಗೆ ತಾಗಿಸಿದರು. ಮುಳ್ಳು ಇನ್ನೂ ಸರಿಯಾಗಿ ಅಲ್ಲಾಡಿರಲಿಲ್ಲ, ಗಂಟೆ ಮೊಳಗಿತು.

"ನೋಯ್ತೈತೆ ಕಣೇ," ಎಂದರು ಭಾವ, ವೈದ್ಯೆಗಲ್ಲ, ಅಕ್ಕನಿಗೆ. "ಬಾಳ ನೋಯ್ತೈತೆ."

ಉಪಕರಣ ತೆಗೆದ ಮೇಲೂ ಅವರು ಗುಂಡಿಯಿಂದ ಹೆಬ್ಬೆರಳು ಎತ್ತಲಿಲ್ಲ. ಅಕ್ಕ ಎದ್ದು ಹೋಗಿ ಆ ಕೈ ಹಿಡಿದುಕೊಂಡಳು. ಗಂಟೆ ಮೊಳಗುತ್ತಲೇ ಇತ್ತು.